ಕತ್ತಿನ ಗೆರೆಯೂ ಅದರಡಿಯ ಎಳೆಯೂ

ಕತ್ತಿನ ಆಪರೇಷನ್ ಎಂಬ ಮಾತು ಕಿವಿಗೆ ಬಿದ್ದೊಡನೆ ಕೈ ತಾನಾಗಿ ಗಂಟಲಿನತ್ತ ಹೋಗುತ್ತದೆ. ಹೊಟ್ಟೆಯ ಮೇಲಿನ ಗಾಯವನ್ನು ಬಟ್ಟೆ ಮುಚ್ಚುತ್ತದೆ. ಕತ್ತಿನದು ಊರಿಗೆಲ್ಲ ಕಾಣುತ್ತದೆ. ಸರವೋ ತಾಳಿಯೋ ಕೂರುವ ಜಾಗದಲ್ಲೇ ಒಂದು ಗೆರೆ ಉಳಿದುಬಿಡುತ್ತದೆಂಬ ಅಳುಕು ಸಹಜವಾದದ್ದೇ. ಹಾಗಾಗಿ ಥೈರಾಯ್ಡ್ ಗಂಟು ತೆಗೆಸಬೇಕೆಂದು ವೈದ್ಯರು ಹೇಳಿದಾಗ ಮೊದಲು ಏಳುವ ಪ್ರಶ್ನೆ ‘ಕಲೆ ಎಷ್ಟುದ್ದ ಬರುತ್ತೆ?’ ಎಂಬುದು. ಈ ಅಧ್ಯಾಯದ ವಾದ ಸರಳವಾದದ್ದು. ಕತ್ತನ್ನು ತೆರೆದು ಮಾಡುವ ಶಸ್ತ್ರಚಿಕಿತ್ಸೆಯಲ್ಲಿ ಕಣ್ಣಿಗೆ ಕಾಣುವ ಆ ಗೆರೆಯೇ ಎಲ್ಲಕ್ಕಿಂತ ಅಗ್ಗದ ಬೆಲೆ. ನಿಜವಾದ ಲಾಭ ನಷ್ಟಗಳು ಚರ್ಮದ ಕೆಳಗಿನ ಕೆಲವೇ ಮಿಲಿಮೀಟರುಗಳಲ್ಲಿ ತೀರ್ಮಾನವಾಗುತ್ತವೆ. ಅದಕ್ಕೂ ಮೊದಲು, ಏನನ್ನು ತೆಗೆಯಬೇಕು, ಎಷ್ಟನ್ನು ತೆಗೆಯಬೇಕು, ತೆಗೆಯಲೇಬೇಕೆ ಎಂಬ ನಿರ್ಧಾರದಲ್ಲಿ ತೀರ್ಮಾನವಾಗುತ್ತವೆ. ಇದನ್ನು ವೈದ್ಯಲೋಕವೇ ಕಲಿಯಲು ನೂರೈವತ್ತು ವರ್ಷ ಹಿಡಿಯಿತು. ಕಲಿತ ಪಾಠವನ್ನು ನಡುವೆ ಒಮ್ಮೆ ಮರೆತದ್ದೂ ಉಂಟು.

ಹತ್ತೊಂಬತ್ತನೇ ಶತಮಾನದ ನಡುಭಾಗದವರೆಗೆ ಗಳಗಂಡಕ್ಕೆ ಕತ್ತಿ ಹಾಕುವುದೆಂದರೆ ರೋಗಿಯನ್ನು ಸಾವಿನ ಬಾಗಿಲಿಗೆ ಒಯ್ದಂತೆಯೇ ಇತ್ತು. ಥೈರಾಯ್ಡ್ ಬರೀ 15ರಿಂದ 25 ಗ್ರಾಂ ತೂಗುವ, ಶ್ವಾಸನಾಳದ ಮುಂದೆ ಚಿಟ್ಟೆಯಂತೆ ರೆಕ್ಕೆ ಬಿಚ್ಚಿ ಕೂತ ಗ್ರಂಥಿ. ಆದರೆ ಅದರ ಗಾತ್ರಕ್ಕೆ ಮೀರಿದ ರಕ್ತ ಅದರಲ್ಲಿ ಹರಿಯುತ್ತದೆ. ಅದು ಊದಿ ಗಳಗಂಡವಾದಾಗ ರಕ್ತನಾಳಗಳೂ ಊದುತ್ತವೆ. ಅರಿವಳಿಕೆಯಿಲ್ಲದ, ಕೈ ತೊಳೆಯುವ ಪದ್ಧತಿಯಿಲ್ಲದ ಆ ಕಾಲದಲ್ಲಿ ರೋಗಿ ಮೇಜಿನ ಮೇಲೆಯೇ ರಕ್ತ ಸುರಿದು ಸಾಯುತ್ತಿದ್ದ, ಇಲ್ಲವೇ ವಾರದೊಳಗೆ ಕೀವಾಗಿ ಸಾಯುತ್ತಿದ್ದ. 1850ರಲ್ಲಿ ಫ್ರಾನ್ಸಿನ ವೈದ್ಯಕೀಯ ಅಕಾಡೆಮಿ ಈ ಶಸ್ತ್ರಕ್ರಿಯೆಯೇ ಕೂಡದೆಂದು ಹೇಳಿತು. 1860ರ ದಶಕದಲ್ಲಿ ಜ್ಯೂರಿಕ್‌ನಲ್ಲಿದ್ದ ಥಿಯೋಡರ್ ಬಿಲ್ರೋತ್‌ನಂಥ ಮಹಾ ಶಸ್ತ್ರವೈದ್ಯನ ಕೈಯಲ್ಲೂ ನೂರಕ್ಕೆ 40ರಷ್ಟು ಮಂದಿ ಉಳಿಯಲಿಲ್ಲ; ಆತ ಹಲವು ವರ್ಷ ಈ ಕೆಲಸವನ್ನೇ ಕೈಬಿಟ್ಟ. ಪರಿಸ್ಥಿತಿ ಬದಲಾಗಲು ಮೂರು ಸಂಗತಿ ಒಟ್ಟಿಗೆ ಕೂಡಿಬರಬೇಕಾಯಿತು: 1846ರ ಈಥರ್ ಅರಿವಳಿಕೆ, 1867ರಲ್ಲಿ ಲಿಸ್ಟರ್ ತೋರಿಸಿದ ನಂಜುನಿರೋಧಕ ವಿಧಾನ, ರಕ್ತನಾಳವನ್ನು ಕಚ್ಚಿ ಹಿಡಿಯುವ ಇಕ್ಕಳ. ಈ ಮೂರನ್ನೂ ಒಂದು ಶಿಸ್ತಾಗಿ ಹೆಣೆದವನು ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಥಿಯೋಡರ್ ಕೋಕರ್. ಮಣ್ಣಿನಲ್ಲಿ ಅಯೋಡಿನ್ ಇಲ್ಲದ ಆ ಪರ್ವತನಾಡಿನಲ್ಲಿ ಗಳಗಂಡ ಮನೆಮನೆಯ ರೋಗವಾಗಿದ್ದರಿಂದ ಅವನಿಗೆ ರೋಗಿಗಳ ಕೊರತೆಯಿರಲಿಲ್ಲ. ನಿಧಾನವಾಗಿ, ಒಂದೊಂದು ನಾಳವನ್ನೂ ಹಿಡಿದು ಕಟ್ಟಿ, ಹನಿ ರಕ್ತವೂ ಪೋಲಾಗದಂತೆ ಆತ ಕೆಲಸ ಮಾಡುತ್ತಿದ್ದ. ಆರಂಭದಲ್ಲಿ ನೂರಕ್ಕೆ 13ರ ಆಸುಪಾಸಿನಲ್ಲಿದ್ದ ಸಾವಿನ ಪ್ರಮಾಣ ಅವನ ವೃತ್ತಿಜೀವನದ ಕೊನೆಯ ಹೊತ್ತಿಗೆ ನೂರಕ್ಕೆ ಒಂದಕ್ಕಿಂತಲೂ ಕೆಳಗಿಳಿಯಿತು. 1909ರಲ್ಲಿ ನೊಬೆಲ್ ಬಹುಮಾನ ಪಡೆದ ಮೊದಲ ಶಸ್ತ್ರವೈದ್ಯ ಆತ.

ಕಥೆ ಇಲ್ಲಿಗೇ ಮುಗಿದಿದ್ದರೆ ಅದು ಬರೀ ಕೈಚಳಕದ ಗೆಲುವಾಗುತ್ತಿತ್ತು. 1874ರಲ್ಲಿ ಕೋಕರ್ ಹನ್ನೊಂದು ವರ್ಷದ ಒಬ್ಬ ಹುಡುಗಿಯ ಥೈರಾಯ್ಡನ್ನು ಪೂರ್ತಿ ತೆಗೆದಿದ್ದ. ಗಾಯ ಚೆನ್ನಾಗಿ ಮಾಯ್ದಿತ್ತು, ಲೆಕ್ಕಪುಸ್ತಕದಲ್ಲಿ ಅದು ಯಶಸ್ಸೆಂದೇ ದಾಖಲಾಗಿತ್ತು. ಕೆಲ ವರ್ಷಗಳ ನಂತರ ಆಕೆಯ ಊರಿನ ವೈದ್ಯನಿಂದ ಬೇರೆಯದೇ ಸುದ್ದಿ ಬಂತು: ಹುಡುಗಿ ಬೆಳೆದಿಲ್ಲ, ಮುಖ ಊದಿದೆ, ಬುದ್ಧಿ ಮಂಕಾಗಿದೆ. ಜಿನೀವಾದ ಜಾಕ್ ಲೂಯಿ ರೆವರ್ಡಿನ್ ಕೂಡ 1882ರಲ್ಲಿ ಇಂಥದೇ ಲಕ್ಷಣಗಳನ್ನು ಗುರುತಿಸಿದ್ದ. ಕೋಕರ್ ಆಗ ತನ್ನ ಹಳೆಯ ರೋಗಿಗಳಿಗೆಲ್ಲ ಹೇಳಿಕಳಿಸಿದ. ಗ್ರಂಥಿಯನ್ನು ಪೂರ್ತಿ ತೆಗೆಸಿಕೊಂಡವರಲ್ಲಿ ಮರುಪರೀಕ್ಷೆಗೆ ಸಿಕ್ಕವರು 18 ಮಂದಿ; ಅವರಲ್ಲಿ 16 ಮಂದಿ ಹಾಗೆಯೇ ಬಾಡಿಹೋಗಿದ್ದರು. 1883ರಲ್ಲಿ ಬರ್ಲಿನ್‌ನಲ್ಲಿ ಸೇರಿದ್ದ ಶಸ್ತ್ರವೈದ್ಯರ ಸಮಾವೇಶದಲ್ಲಿ ಆತ ಇದನ್ನು ಮುಚ್ಚುಮರೆಯಿಲ್ಲದೆ ಮಂಡಿಸಿದ. ಥೈರಾಯ್ಡ್ ಯಾತಕ್ಕಿದೆಯೆಂದೇ ಯಾರಿಗೂ ಗೊತ್ತಿಲ್ಲದ ಕಾಲವದು. ಅದು ಇಡೀ ದೇಹದ ಉರಿಯನ್ನು ಹದದಲ್ಲಿಡುವ ಹಾರ್ಮೋನಿನ ಒಲೆ ಎಂಬುದು ಜಗತ್ತಿಗೆ ತಿಳಿದದ್ದಕ್ಕೆ ಈ ಹದಿನಾರು ಮಂದಿಯ ದುರ್ಗತಿಯೂ ಒಂದು ಕಾರಣ. ಗಾಯ ಮಾಯುವುದು ಬೇರೆ, ರೋಗಿ ಗುಣವಾಗುವುದು ಬೇರೆ ಎಂಬ ಪಾಠಕ್ಕೆ ಇದಕ್ಕಿಂತ ಕಠಿಣವಾದ ನಿದರ್ಶನ ಶಸ್ತ್ರಚಿಕಿತ್ಸೆಯ ಚರಿತ್ರೆಯಲ್ಲಿ ಸಿಗುವುದು ಕಷ್ಟ.

ಇದಕ್ಕೆ ಜೋಡಿಯಾಗಿ ಇನ್ನೊಂದು ಒಗಟು ಇತ್ತು. ವಿಯೆನ್ನಾಕ್ಕೆ ಹೋಗಿ ಮತ್ತೆ ಥೈರಾಯ್ಡ್ ಶಸ್ತ್ರಕ್ರಿಯೆ ಶುರುಮಾಡಿದ ಬಿಲ್ರೋತ್‌ನ ರೋಗಿಗಳು ಹೀಗೆ ಮಂಕಾಗುತ್ತಿರಲಿಲ್ಲ. ಆದರೆ ಅವರಲ್ಲಿ ಹಲವರಿಗೆ ಕೈಕಾಲು ಸೆಟೆದು ಸೆಳೆತ ಬರುತ್ತಿತ್ತು. ಇಬ್ಬರ ಕೆಲಸವನ್ನೂ ಹತ್ತಿರದಿಂದ ಕಂಡಿದ್ದ ಅಮೆರಿಕದ ವಿಲಿಯಂ ಹಾಲ್‌ಸ್ಟೆಡ್ ಇದಕ್ಕೊಂದು ವಿವರಣೆ ಕೊಟ್ಟ: ಅಚ್ಚುಕಟ್ಟಿನ ಕೋಕರ್ ಗ್ರಂಥಿಯ ಹೊದಿಕೆಗೆ ಅಂಟಿಕೊಂಡೇ ಚೂರೂ ಬಿಡದೆ ಥೈರಾಯ್ಡ್ ತೆಗೆಯುತ್ತಿದ್ದ, ಅವಸರದ ಬಿಲ್ರೋತ್ ಥೈರಾಯ್ಡಿನ ಚೂರುಗಳನ್ನು ಬಿಟ್ಟು, ಅದರ ಹಿಂದೆ ಇದ್ದ ಬೇರೇನನ್ನೋ ಕಿತ್ತು ತರುತ್ತಿದ್ದ. ಆ ‘ಬೇರೇನೋ’ ಪ್ಯಾರಾಥೈರಾಯ್ಡ್ ಗ್ರಂಥಿಗಳು. ಸಾಮಾನ್ಯವಾಗಿ ನಾಲ್ಕು, ಒಂದೊಂದೂ ಅಕ್ಕಿಕಾಳಿನಷ್ಟು, 30ರಿಂದ 50 ಮಿಲಿಗ್ರಾಂ. ರಕ್ತದ ಕ್ಯಾಲ್ಸಿಯಂ ಮಟ್ಟವನ್ನು ಕಾಯುವುದು ಅವುಗಳ ಕೆಲಸ. ಸ್ವಾರಸ್ಯವೆಂದರೆ ಇವು ಮೊದಲು ಕಣ್ಣಿಗೆ ಬಿದ್ದದ್ದು ಮನುಷ್ಯನಲ್ಲಲ್ಲ, ಭಾರತದ ಒಂಟಿಕೊಂಬಿನ ಘೇಂಡಾಮೃಗದಲ್ಲಿ. 1849ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಸತ್ತ ಆ ಪ್ರಾಣಿಯನ್ನು ಸೀಳಿ ನೋಡಿದ ರಿಚರ್ಡ್ ಓವೆನ್ ಥೈರಾಯ್ಡಿಗೆ ಅಂಟಿಕೊಂಡಿದ್ದ ಹಳದಿ ಛಾಯೆಯ ಪುಟ್ಟ ಮುದ್ದೆಯೊಂದನ್ನು ಗುರುತಿಸಿದ. ಮನುಷ್ಯರಲ್ಲಿ ಅವನ್ನು ಸ್ಪಷ್ಟವಾಗಿ ವಿವರಿಸಿದವನು ಸ್ವೀಡನ್ನಿನ ಉಪ್ಸಾಲಾದ ಇವಾರ್ ಸ್ಯಾಂಡ್‌ಸ್ಟ್ರಾಮ್, 1880ರಲ್ಲಿ. ಅಷ್ಟು ಸಣ್ಣ ವಸ್ತು, ಇಷ್ಟು ದೊಡ್ಡ ಕಾಟ! ಇಂದಿಗೂ ಥೈರಾಯ್ಡ್ ಶಸ್ತ್ರಕ್ರಿಯೆಯ ಎಲ್ಲ ಅಪಾಯಗಳಲ್ಲಿ ಅತಿ ಸಾಮಾನ್ಯವಾದದ್ದು ಈ ಅಕ್ಕಿಕಾಳುಗಳಿಗೆ ಆಗುವ ಪೆಟ್ಟು.

ಹಾಗಾದರೆ ಈಗ ಆ ಕೋಣೆಯೊಳಗೆ ನಡೆಯುವುದೇನು? ರೋಗಿಯನ್ನು ಅಂಗಾತ ಮಲಗಿಸಿ, ಭುಜದಡಿ ದಿಂಬಿಟ್ಟು, ಗದ್ದ ಮೇಲಾಗುವಂತೆ ಕತ್ತನ್ನು ಹಿಂದಕ್ಕೆ ಚಾಚಿಸುತ್ತಾರೆ. ಚರ್ಮದ ಸಹಜ ಮಡಿಕೆಯಿರುವಲ್ಲೇ ನಾಲ್ಕರಿಂದ ಆರು ಸೆಂಟಿಮೀಟರಿನ ಅಡ್ಡ ಗೆರೆ ಕೊಯ್ಯುತ್ತಾರೆ. ಕೆಳಗೆ ಸಿಗುವ ಪಟ್ಟಿಯಂಥ ಸ್ನಾಯುಗಳನ್ನು ಬಹುಪಾಲು ಕತ್ತರಿಸುವುದಿಲ್ಲ; ನಡುಗೆರೆಯಲ್ಲಿ ಬಿಡಿಸಿ, ಪರದೆ ಸರಿಸಿದಂತೆ ಎರಡು ಬದಿಗೆ ಸರಿಸುತ್ತಾರೆ. ಗ್ರಂಥಿಯ ಮೇಲ್ತುದಿಯ ರಕ್ತನಾಳಗಳನ್ನು ಕಟ್ಟಿದ ಮೇಲೆ ಹಾಲೆಯನ್ನು ಪುಸ್ತಕದ ಹಾಳೆ ಮಗುಚಿದಂತೆ ನಡುವಿನತ್ತ ಮಗುಚುತ್ತಾರೆ. ಅಲ್ಲಿ, ಶ್ವಾಸನಾಳ ಮತ್ತು ಅನ್ನನಾಳದ ನಡುವಿನ ಸಂದಿನಲ್ಲಿ, ಒಂದೆರಡು ಮಿಲಿಮೀಟರ್ ದಪ್ಪದ ಬಿಳಿಯ ಎಳೆಯೊಂದು ಮೇಲಕ್ಕೆ ಹೋಗುತ್ತಿರುತ್ತದೆ. ಧ್ವನಿತಂತುಗಳನ್ನು ಆಡಿಸುವ ನರ ಅದು. ಮಿದುಳಿನಿಂದ ಹೊರಟು, ಪಕ್ಕದಲ್ಲೇ ಇರುವ ಧ್ವನಿಪೆಟ್ಟಿಗೆಯನ್ನು ದಾಟಿ ಎದೆಗಿಳಿದು, ಎಡಗಡೆಯದು ಮಹಾಪಧಮನಿಯನ್ನೇ ಬಳಸಿ ಮತ್ತೆ ಕತ್ತಿಗೆ ಹತ್ತುತ್ತದೆ. ಪಕ್ಕದ ಮನೆಗೆ ಹೋಗಲು ಊರಾಚೆಯ ಕೆರೆ ಸುತ್ತಿ ಬಂದಂತೆ. ಎರಡನೇ ಶತಮಾನದಲ್ಲೇ ವೈದ್ಯ ಗ್ಯಾಲೆನ್, ಕಿರುಚುತ್ತಿದ್ದ ಹಂದಿಯ ಈ ನರವನ್ನು ಕತ್ತರಿಸಿ ತೋರಿಸಿದ್ದ. ಹಂದಿ ಒದ್ದಾಡುತ್ತಲೇ ಇತ್ತು, ಸದ್ದು ಮಾತ್ರ ನಿಂತುಹೋಗಿತ್ತು. ಈ ಎಳೆಯನ್ನು ತಪ್ಪಿಸಿ ಹೋಗುವುದಲ್ಲ, ಹುಡುಕಿ ಕಣ್ಣಾರೆ ಕಂಡು ಉಳಿಸುವುದೇ ಸುರಕ್ಷಿತ ಎಂಬುದು ಇಂದಿನ ಒಪ್ಪಿತ ಪದ್ಧತಿ. ತೆರೆದ ಶಸ್ತ್ರಕ್ರಿಯೆಯ ದೊಡ್ಡ ಅನುಕೂಲ ಇರುವುದು ಇಲ್ಲೇ. ಆ ಗೆರೆಯ ಮೂಲಕ ಬೆಳಕು ಒಳಹೋಗುತ್ತದೆ, ಬೆರಳು ಒಳಹೋಗುತ್ತದೆ, ರಕ್ತ ಚಿಮ್ಮಿದರೆ ತಕ್ಷಣ ಒತ್ತಿ ಹಿಡಿಯಲು ಜಾಗವಿರುತ್ತದೆ.

ಅಪಾಯಗಳನ್ನು ಲೆಕ್ಕಕ್ಕಿಟ್ಟು ನೋಡೋಣ. ಪಳಗಿದ ಕೈಗಳಲ್ಲಿ ಧ್ವನಿನರಕ್ಕೆ ಕಾಯಂ ಪೆಟ್ಟಾಗುವುದು ನೂರಕ್ಕೆ ಒಂದರ ಆಸುಪಾಸು. ಕೆಲವು ವಾರ ಅಥವಾ ತಿಂಗಳು ದನಿ ಒಡೆದು ಮತ್ತೆ ಸರಿಹೋಗುವುದು ಅದಕ್ಕಿಂತ ಕೆಲವು ಪಟ್ಟು ಹೆಚ್ಚು. ಎರಡೂ ಬದಿಯ ನರ ಸೋತರೆ ಉಸಿರಾಟಕ್ಕೇ ಸಂಚಕಾರ. ಅದು ತೀರಾ ಅಪರೂಪ. ಇಡೀ ಥೈರಾಯ್ಡ್ ತೆಗೆದವರಲ್ಲಿ ಐವರಲ್ಲೊಬ್ಬರಿಗೋ ನಾಲ್ವರಲ್ಲೊಬ್ಬರಿಗೋ ಕ್ಯಾಲ್ಸಿಯಂ ತಾತ್ಕಾಲಿಕವಾಗಿ ಇಳಿಯುತ್ತದೆ. ತುಟಿಯ ಸುತ್ತ, ಬೆರಳ ತುದಿಯಲ್ಲಿ ಇರುವೆ ಹರಿದಂತೆ ಜುಮುಗುಟ್ಟುತ್ತದೆ. ಬಿಪಿ ನೋಡುವ ಪಟ್ಟಿಯನ್ನು ತೋಳಿಗೆ ಬಿಗಿದು ಗಾಳಿ ತುಂಬಿ ಕೆಲ ನಿಮಿಷ ಬಿಟ್ಟರೆ ಬೆರಳುಗಳೆಲ್ಲ ನೆಟ್ಟಗೆ ಒತ್ತಿಕೊಂಡು, ಹೆಬ್ಬೆರಳು ಅಂಗೈಯೊಳಗೆ ಮಡಚಿ, ಬಳೆಗಾರನ ಮುಂದೆ ಬಳೆ ತೊಡಲು ಚಾಚಿದ ಹಸ್ತದಂತಾಗುತ್ತದೆ. ಬಹುಪಾಲು ಜನರಿಗೆ ಮಾತ್ರೆ ನುಂಗುತ್ತಾ ಕೆಲ ವಾರಗಳಲ್ಲಿ ಇದು ಕಳೆಯುತ್ತದೆ. ನೂರರಲ್ಲಿ ಕೆಲವರಿಗೆ ಜೀವನಪೂರ್ತಿ ಉಳಿಯುತ್ತದೆ. ಮೂರನೆಯದು ಅತಿ ಅಪರೂಪದ್ದಲ್ಲ, ಅತಿ ತುರ್ತಿನದು: ನೂರಕ್ಕೆ ಒಬ್ಬಿಬ್ಬರಿಗೆ ಹೊಲಿಗೆ ಹಾಕಿದ ಮೇಲೆ ಒಳಗೆ ರಕ್ತ ಸೋರಿ ಗೂಡುಕಟ್ಟುತ್ತದೆ. ಹೆಚ್ಚಾಗಿ ಮೊದಲ 24 ಗಂಟೆಯೊಳಗೆ. ಇಕ್ಕಟ್ಟಾದ ಕತ್ತಿನಲ್ಲಿ ಅದು ಉಸಿರುಗಟ್ಟಿಸಬಲ್ಲದು. ಆಗ ಥಿಯೇಟರಿಗೆ ಒಯ್ಯುವವರೆಗೂ ಕಾಯದೆ ಮಂಚದ ಮೇಲೆಯೇ ಹೊಲಿಗೆ ಬಿಚ್ಚಬೇಕು. ಆಪರೇಷನ್ ಚೆನ್ನಾಗಿ ಆಯಿತೆಂದು ರೋಗಿಯನ್ನು ಅದೇ ಸಂಜೆ ಮನೆಗೆ ಕಳಿಸಲು ಅನೇಕ ವೈದ್ಯರು ಹಿಂಜರಿಯುವುದು ಈ ಕಾರಣಕ್ಕೆ.

ಲಾಭದ ತಟ್ಟೆ ಹಗುರವೇನಲ್ಲ. ಶ್ವಾಸನಾಳವನ್ನು ಒತ್ತಿ ಮಲಗಲೂ ಬಿಡದ ದೊಡ್ಡ ಗಳಗಂಡಕ್ಕೆ, ಎದೆಗೂಡಿನೊಳಗೆ ಇಳಿದು ಕೂತ ಗಂಟಿಗೆ, ಕತ್ತಿನ ಹಾಲ್ರಸ ಗ್ರಂಥಿಗಳಿಗೆ ಹಬ್ಬಿದ ಕ್ಯಾನ್ಸರಿಗೆ, ಮಾತ್ರೆಗೂ ವಿಕಿರಣಶೀಲ ಅಯೋಡಿನ್ನಿಗೂ ಜಗ್ಗದ ಅಥವಾ ಅವು ಹೊಂದದ ಗ್ರೇವ್ಸ್ ಕಾಯಿಲೆಗೆ (ಥೈರಾಯ್ಡ್ ಮಿತಿಮೀರಿ ದುಡಿಯುವ ರೋಗ) ಶಸ್ತ್ರಚಿಕಿತ್ಸೆಯಷ್ಟು ಖಚಿತವಾದ ದಾರಿ ಇನ್ನೊಂದಿಲ್ಲ. ಗಂಟು ಒತ್ತುತ್ತಿದ್ದ ಕತ್ತಿಗೆ ಮಾರನೆಯ ದಿನವೇ ಉಸಿರು ಹಗುರಾಗುತ್ತದೆ. ಕೋಕರ್‌ನ ಆ ಹದಿನಾರು ರೋಗಿಗಳ ಗತಿ ಇಂದು ಯಾರಿಗೂ ಬರಬೇಕಾಗಿಲ್ಲ. 1891ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಜಾರ್ಜ್ ಮರ್ರೆ ಕುರಿಯ ಥೈರಾಯ್ಡಿನ ಸಾರವನ್ನು ಚುಚ್ಚಿ, ಹಾಗೆ ಬಾಡಿದ್ದ ಒಬ್ಬ ಮಹಿಳೆಯನ್ನು ಚೇತರಿಸಿದ. ಆಕೆ ಮುಂದೆ 28 ವರ್ಷ ಬದುಕಿದಳು. 1914ರಲ್ಲಿ ಥೈರಾಕ್ಸಿನ್ ಬೇರ್ಪಟ್ಟಿತು, 1927ರಲ್ಲಿ ಪ್ರಯೋಗಾಲಯದಲ್ಲೇ ತಯಾರಾಯಿತು. ಇಂದು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನುಂಗುವ ಒಂದು ಪುಟ್ಟ ಮಾತ್ರೆ ಕಳೆದ ಗ್ರಂಥಿಯ ಜಾಗ ತುಂಬುತ್ತದೆ. ಆದರೆ ಆ ಮಾತ್ರೆ ಸಾಯುವವರೆಗಿನ ಸಂಗಾತಿ ಎಂಬುದನ್ನೂ ಖರ್ಚಿನ ಬದಿಗೇ ಬರೆಯಬೇಕು. ಒಂದೇ ಹಾಲೆ ತೆಗೆದರೆ ಅನೇಕರಿಗೆ ಮಾತ್ರೆಯೇ ಬೇಡ, ಕ್ಯಾಲ್ಸಿಯಂ ಸಮಸ್ಯೆಯ ಭಯವೂ ಬಹುತೇಕ ಇಲ್ಲ. ಅಮೆರಿಕನ್ ಥೈರಾಯ್ಡ್ ಅಸೋಸಿಯೇಷನ್ 2015ರಲ್ಲಿ, ಒಂದರಿಂದ ನಾಲ್ಕು ಸೆಂಟಿಮೀಟರಿನ, ಆಚೆ ಹಬ್ಬದ ಮೃದು ಸ್ವಭಾವದ ಕ್ಯಾನ್ಸರುಗಳಿಗೂ ಅರ್ಧ ಗ್ರಂಥಿ ತೆಗೆದರೆ ಸಾಕಾಗಬಹುದೆಂದು ಹೇಳಿದ್ದು ಇದೇ ತೂಗುವಿಕೆಯಿಂದ. ‘ಎಷ್ಟು ತೆಗೆಯುತ್ತೀರಿ?’ ಎಂಬ ಪ್ರಶ್ನೆ ‘ಗೆರೆ ಎಷ್ಟುದ್ದ?’ ಎಂಬ ಪ್ರಶ್ನೆಗಿಂತ ಮುಂದೆ ನಿಲ್ಲಬೇಕಾದದ್ದು ಇದಕ್ಕೇ.

ಇಲ್ಲಿ ಮೊದಲ ಆಕ್ಷೇಪ ಬರುತ್ತದೆ. ಕಲೆಯೇ ಇಲ್ಲದ ವಿಧಾನಗಳಿರುವಾಗ ಕತ್ತು ಕೊಯ್ಯುವುದೇಕೆ? ನಿಜ, ಕಂಕುಳಿನಿಂದ ರೋಬೋಟಿನ ತೋಳುಗಳನ್ನು ಕಳಿಸುವ ವಿಧಾನ ಈ ಶತಮಾನದ ಮೊದಲ ದಶಕದಲ್ಲಿ ದಕ್ಷಿಣ ಕೊರಿಯಾದಲ್ಲಿ ಬೆಳೆಯಿತು. ಕೆಳದುಟಿಯ ಒಳಬದಿಯಿಂದ ನಳಿಕೆ ತೂರಿಸಿ ಗ್ರಂಥಿ ತಲುಪುವ ವಿಧಾನವನ್ನು ಥಾಯ್ಲೆಂಡಿನ ಆಂಗ್‌ಕೂನ್ ಅನುವಾಂಗ್ 2016ರಲ್ಲಿ 60 ರೋಗಿಗಳ ಫಲಿತಾಂಶದೊಂದಿಗೆ ಪ್ರಕಟಿಸಿದ ಮೇಲೆ ಅದು ಹಲವು ದೇಶಗಳಿಗೆ ಹರಡಿತು. ಭಾರತದಲ್ಲೂ ಇವು ನಡೆಯುತ್ತಿವೆ. ಆಯ್ದ ರೋಗಿಗಳಲ್ಲಿ, ನುರಿತವರ ಕೈಯಲ್ಲಿ ಇವುಗಳ ಫಲಿತಾಂಶ ಚೆನ್ನಾಗಿಯೇ ಇದೆ. ಗಾಯದ ಗುರುತು ಗಂಟುಗಟ್ಟಿ ಉಬ್ಬುವ ಚರ್ಮದವರಿಗೆ, ಆ ಗೆರೆ ದಿನವೂ ಕನ್ನಡಿಯಲ್ಲಿ ಚುಚ್ಚುವವರಿಗೆ ಇದನ್ನು ಶೋಕಿಯೆಂದು ತಳ್ಳಿಹಾಕುವುದು ಸರಿಯಲ್ಲ. ಆದರೆ ‘ಆಯ್ದ ರೋಗಿಗಳು’ ಎಂಬ ಮಾತನ್ನು ಗಮನಿಸಬೇಕು. ಸಣ್ಣ ಗಂಟು, ಹಬ್ಬದ ರೋಗ, ಮೊದಲು ಕೊಯ್ಯದ ಕತ್ತು ಇವನ್ನೇ ಆರಿಸಿಕೊಂಡ ಗುಂಪನ್ನು, ಎಲ್ಲ ಬಗೆಯ ಕಷ್ಟದ ರೋಗಿಗಳೂ ಬರುವ ತೆರೆದ ಶಸ್ತ್ರಕ್ರಿಯೆಯ ಗುಂಪಿನೊಡನೆ ಹೋಲಿಸಿದರೆ ಮೊದಲನೆಯದು ಚೆಂದ ಕಾಣುವುದು ಸಹಜ. ಇನ್ನು ‘ಕಲೆಯಿಲ್ಲದ’ ಎಂಬುದೂ ಅರ್ಧಸತ್ಯ. ಕಂಕುಳಿನಿಂದ ಕತ್ತಿನವರೆಗೆ ಚರ್ಮದಡಿ ಸುರಂಗ ತೋಡಬೇಕು. ಬಾಯಿಂದ ಹೋದರೆ ಗದ್ದದ ಸ್ಪರ್ಶದ ನರಕ್ಕೆ ಪೆಟ್ಟಾಗಿ ಮರಗಟ್ಟಬಹುದು. ಹೊತ್ತೂ ಹೆಚ್ಚು, ಹಣವೂ ಹೆಚ್ಚು. ಕಲೆ ಜಾಗ ಬದಲಿಸುತ್ತದೆ. ಧ್ವನಿನರ, ಅಕ್ಕಿಕಾಳಿನ ಗ್ರಂಥಿಗಳು, ರಕ್ತಸ್ರಾವ ಮಾತ್ರ ಇದ್ದಲ್ಲೇ ಇರುತ್ತವೆ, ಯಾವ ಬಾಗಿಲಿನಿಂದ ಒಳಹೋದರೂ.

ಎರಡನೆಯ ಆಕ್ಷೇಪ ಯಂತ್ರಗಳ ಕಡೆಯಿಂದ. ಉಸಿರುನಳಿಕೆಗೆ ಅಂಟಿಸಿದ ವಿದ್ಯುದ್ವಾರಗಳು, ಉಪಕರಣ ನರವನ್ನು ಮುಟ್ಟಿದೊಡನೆ ‘ಟಕ್ ಟಕ್’ ಎಂದು ಎಚ್ಚರಿಸುತ್ತವೆ. ಅವಕೆಂಪು ಬೆಳಕಿನಡಿ ಪ್ಯಾರಾಥೈರಾಯ್ಡ್‌ಗಳು ತಾವೇ ಮಿನುಗುತ್ತವೆ. ಇನ್ನು ಅಪಾಯವೆಲ್ಲಿ? ಉಪಕರಣಗಳು ಉಪಯುಕ್ತವೇ. ಒಂದು ಬದಿಯ ನರ ಸುಮ್ಮನಾದರೆ ಇನ್ನೊಂದು ಬದಿಗೆ ಕೈಹಾಕದೆ ಅಲ್ಲಿಗೇ ನಿಲ್ಲಿಸಲು ಈ ಸದ್ದು ನೆರವಾಗುತ್ತದೆ. ಆದರೆ ನರಕ್ಕೆ ಕಾಯಂ ಹಾನಿಯಾಗುವ ಪ್ರಮಾಣ ಇದರಿಂದ ಖಚಿತವಾಗಿ ಇಳಿದಿದೆ ಎಂಬುದು ಪ್ರಯೋಗಗಳಲ್ಲಿ ನಿಚ್ಚಳವಾಗಿ ಸಾಬೀತಾಗಿಲ್ಲ. ಅದಕ್ಕಿಂತ ಗಟ್ಟಿಯಾದ ಪುರಾವೆ ಇರುವುದು ಹಳೆಯ ಸಂಗತಿಯೊಂದಕ್ಕೆ: ಅಭ್ಯಾಸಕ್ಕೆ. ಅಮೆರಿಕದಲ್ಲಿ ಸುಮಾರು 17,000 ರೋಗಿಗಳ ದಾಖಲೆಗಳನ್ನು ಜಾಲಾಡಿ 2017ರಲ್ಲಿ ಪ್ರಕಟವಾದ ಅಧ್ಯಯನವೊಂದು, ವರ್ಷಕ್ಕೆ 25ಕ್ಕಿಂತ ಹೆಚ್ಚು ಥೈರಾಯ್ಡ್ ಪೂರ್ತಿ ತೆಗೆಯುವ ಶಸ್ತ್ರವೈದ್ಯರ ರೋಗಿಗಳಲ್ಲಿ ತೊಡಕುಗಳು ಕಡಿಮೆ ಎಂದು ತೋರಿಸಿತು. ಅದೇ ಅಧ್ಯಯನದಲ್ಲಿ, ಬಹುಪಾಲು ರೋಗಿಗಳು ಹೋಗಿದ್ದು ಆ ಗೆರೆಗಿಂತ ಕೆಳಗಿದ್ದ ವೈದ್ಯರ ಬಳಿಗೆ. ಕೋಕರ್‌ನ ಐದು ಸಾವಿರ ಶಸ್ತ್ರಕ್ರಿಯೆಗಳು ಹೇಳುವುದೂ ಇದನ್ನೇ.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಗಂಭೀರ. ಅದು ಶಸ್ತ್ರಚಿಕಿತ್ಸೆಯ ವಿಧಾನವನ್ನಲ್ಲ, ಶಸ್ತ್ರಚಿಕಿತ್ಸೆಯನ್ನೇ ಪ್ರಶ್ನಿಸುತ್ತದೆ. 1999ರಲ್ಲಿ ದಕ್ಷಿಣ ಕೊರಿಯಾ ರಾಷ್ಟ್ರೀಯ ಕ್ಯಾನ್ಸರ್ ತಪಾಸಣೆ ಶುರುಮಾಡಿತು. ಪಟ್ಟಿಯಲ್ಲಿ ಥೈರಾಯ್ಡ್ ಇರಲಿಲ್ಲ. ಆದರೆ ಸ್ವಲ್ಪ ಹೆಚ್ಚು ಹಣ ಕೊಟ್ಟರೆ ಕತ್ತಿನ ಅಲ್ಟ್ರಾಸೌಂಡ್ ಕೂಡ ಮಾಡುತ್ತಿದ್ದರು. 2011ರ ಹೊತ್ತಿಗೆ ಅಲ್ಲಿ ಥೈರಾಯ್ಡ್ ಕ್ಯಾನ್ಸರ್ ಪತ್ತೆಯಾಗುವ ಪ್ರಮಾಣ 1993ರಲ್ಲಿ ಇದ್ದುದರ 15 ಪಟ್ಟಾಯಿತು. ಸಾವಿನ ಪ್ರಮಾಣ? ಇದ್ದಲ್ಲೇ ಇತ್ತು, ಏರಲೂ ಇಲ್ಲ, ಇಳಿಯಲೂ ಇಲ್ಲ. ಅಂದರೆ ಎಂದೂ ತೊಂದರೆ ಕೊಡದೆ ಇರಬಹುದಾಗಿದ್ದ ಸಾಸಿವೆ ಗಾತ್ರದ ಕ್ಯಾನ್ಸರುಗಳನ್ನು ಹುಡುಕಿ ಹುಡುಕಿ ತೆಗೆಯಲಾಗುತ್ತಿತ್ತು. ಹಾಗೆ ಕತ್ತು ಕೊಯ್ಯಿಸಿಕೊಂಡ 15,000ಕ್ಕೂ ಹೆಚ್ಚು ಮಂದಿಯ ವಿಮಾ ದಾಖಲೆಗಳಲ್ಲಿ ಶೇಕಡಾ 11 ಜನರಿಗೆ ಪ್ಯಾರಾಥೈರಾಯ್ಡ್ ಸೋಲು, ಶೇಕಡಾ 2 ಜನರಿಗೆ ಧ್ವನಿತಂತುವಿನ ಪಾರ್ಶ್ವವಾಯು ಕಂಡುಬಂದಿತ್ತು. 2014ರಲ್ಲಿ ಕೊರಿಯಾದ ವೈದ್ಯರೇ ಕೆಲವರು ಇದನ್ನು ಬಹಿರಂಗವಾಗಿ ಎತ್ತಿ ಹೇಳಿದ ಮೇಲೆ ಶಸ್ತ್ರಚಿಕಿತ್ಸೆಗಳ ಸಂಖ್ಯೆ ಒಂದೇ ವರ್ಷದಲ್ಲಿ ಮೂರನೇ ಒಂದು ಭಾಗದಷ್ಟು ಕುಸಿಯಿತು. ಅದೇ ಹೊತ್ತಿಗೆ ಜಪಾನಿನ ಕೋಬೆಯಲ್ಲಿರುವ ಕುಮಾ ಆಸ್ಪತ್ರೆ ಇನ್ನೊಂದು ದಾರಿ ತೋರಿಸಿತ್ತು. 1993ರಿಂದ ಅಲ್ಲಿ ಒಂದು ಸೆಂಟಿಮೀಟರಿಗಿಂತ ಚಿಕ್ಕದಾದ, ಅಪಾಯದ ಗುರುತಿಲ್ಲದ, ಪ್ಯಾಪಿಲರಿ ಎಂಬ ಬಗೆಯ ಥೈರಾಯ್ಡ್ ಕ್ಯಾನ್ಸರುಗಳನ್ನು ಕೊಯ್ಯದೆ ಕಾದು ನೋಡುವ ಆಯ್ಕೆಯನ್ನು ರೋಗಿಗಳ ಮುಂದಿಟ್ಟರು. 1,235 ಮಂದಿಯನ್ನು ಹೀಗೆ ಗಮನಿಸಿದಾಗ, ಹತ್ತು ವರ್ಷಗಳಲ್ಲಿ ಗಂಟು ಮೂರು ಮಿಲಿಮೀಟರಾದರೂ ಬೆಳೆದದ್ದು ಶೇಕಡಾ 8ರಲ್ಲಿ, ಹಾಲ್ರಸ ಗ್ರಂಥಿಗೆ ಹಬ್ಬಿದ್ದು ಶೇಕಡಾ 4ಕ್ಕಿಂತ ಕಡಿಮೆ ಮಂದಿಯಲ್ಲಿ. ಥೈರಾಯ್ಡ್ ಕ್ಯಾನ್ಸರಿನಿಂದ ಯಾರೂ ಸಾಯಲಿಲ್ಲ. ಬೆಳೆದವರಿಗೆ ಆಮೇಲೆ ಮಾಡಿದ ಶಸ್ತ್ರಕ್ರಿಯೆಯೂ ತಡವಾಯಿತೆನಿಸಲಿಲ್ಲ.

ಇದನ್ನು ಓದಿ ಯಾರಾದರೂ ‘ಹಾಗಾದರೆ ಕತ್ತಿಗೆ ಕತ್ತಿ ತಾಗಿಸಲೇಬಾರದು’ ಎಂದುಕೊಂಡರೆ ಅದೂ ತಪ್ಪೆಣಿಕೆಯೇ. ಕೋಬೆಯ ಲೆಕ್ಕ ಅನ್ವಯಿಸುವುದು ಒಂದು ಜಾತಿಯ, ಒಂದು ಗಾತ್ರದ, ಒಂದು ಜಾಗದ ಗಂಟುಗಳಿಗೆ ಮಾತ್ರ. ಅದೂ ತಪ್ಪದೆ ಸ್ಕ್ಯಾನ್‌ಗೆ ಬರುವವರಿಗೆ. ಮೆಡುಲ್ಲರಿ ಎಂಬ ಬಗೆಯ ಕ್ಯಾನ್ಸರು ಕಾಯುವುದಿಲ್ಲ. ಬೇಗ ಬೆಳೆಯುವ ಗಂಟು, ದನಿ ಬದಲಾಗುವುದು, ನುಂಗಲು ಕಷ್ಟವಾಗುವುದು ಇವುಗಳನ್ನು ನಾಟಿ ಔಷಧಿಯ ಭರವಸೆಯಲ್ಲಿ ತಳ್ಳುತ್ತಾ ಹೋದರೆ, ನರವನ್ನು ಉಳಿಸಬಹುದಾಗಿದ್ದ ಶಸ್ತ್ರಕ್ರಿಯೆ ನರದೊಳಕ್ಕೇ ರೋಗ ಹೊಕ್ಕ ಮೇಲಿನ ಶಸ್ತ್ರಕ್ರಿಯೆಯಾಗುತ್ತದೆ. ತಡ ಮಾಡುವುದೂ ಒಂದು ನಿರ್ಧಾರವೇ, ಅದಕ್ಕೂ ಅದರದೇ ಅಪಾಯಗಳ ಪಟ್ಟಿಯಿದೆ. ಅನಗತ್ಯ ಕೊಯ್ತವನ್ನೂ ಅಪಾಯಕರ ತಡವನ್ನೂ ದೂರವಿಡುವುದು ಒಂದೇ ಕ್ರಮ: ಗಂಟನ್ನು ಮೊದಲು ಅಲ್ಟ್ರಾಸೌಂಡಿನಲ್ಲಿ ನೋಡಿ, ಬೇಕಿದ್ದರೆ ಸೂಜಿಯಿಂದ ಜೀವಕೋಶ ತೆಗೆದು ಪರೀಕ್ಷಿಸಿ, ಅದರ ಜಾತಕ ತಿಳಿದ ಮೇಲೆ ನಿರ್ಧರಿಸುವುದು.

ಕೋಕರ್‌ನ ಹೆಸರು ಇಂದಿಗೂ ಅನೇಕ ಉಪಕರಣಗಳಿಗೆ, ಕೊಯ್ತಗಳಿಗೆ ಅಂಟಿಕೊಂಡಿದೆ. ಆದರೆ ಅವನ ನಾಡಿನ ಗಳಗಂಡವನ್ನು ತೊಲಗಿಸಿದ್ದು ಅವನ ಇಕ್ಕಳವಲ್ಲ. 1922ರಲ್ಲಿ ಸ್ವಿಟ್ಜರ್ಲೆಂಡ್ ಬಳಕೆಗೆ ತಂದ ಅಯೋಡಿನ್ ಬೆರೆತ ಉಪ್ಪು. ಭಾರತದಲ್ಲೂ ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು 1956ರಿಂದ ಹಿಮಾಲಯದ ಕಾಂಗ್ರಾ ಕಣಿವೆಯಲ್ಲಿ ಅದನ್ನೇ ತೋರಿಸಿಕೊಟ್ಟರು. 1962ರ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮಕ್ಕೆ ಅದೇ ತಳಪಾಯ. ನಮ್ಮ ಅಡುಗೆಮನೆಯ ಉಪ್ಪಿನ ಡಬ್ಬಿ ಎಷ್ಟು ಕತ್ತುಗಳನ್ನು ಕತ್ತಿಯಿಂದ ತಪ್ಪಿಸಿದೆಯೆಂದು ಲೆಕ್ಕವಿಟ್ಟವರಿಲ್ಲ. ಉಪ್ಪು ತಡೆಯಲಾಗದ್ದು ಉಳಿದೇ ಇದೆ, ಅದಕ್ಕೆ ಕೊಯ್ಯಬೇಕಾದಾಗ ಕೊಯ್ಯಲೇಬೇಕು. ಆಗ ಆಸ್ಪತ್ರೆಯ ಕುರ್ಚಿಯಲ್ಲಿ ಕೂತವರು ಕೇಳಬೇಕಾದ ಪ್ರಶ್ನೆಗಳು ನಾಲ್ಕು. ಇದು ಯಾಕೆ ಬೇಕು, ಕಾದು ನೋಡಿದರೆ ಏನಾಗುತ್ತದೆ? ಅರ್ಧ ತೆಗೆದರೆ ಸಾಲದೇ? ವರ್ಷಕ್ಕೆ ಇಂಥವು ಎಷ್ಟು ಮಾಡುತ್ತೀರಿ, ದನಿ ಮತ್ತು ಕ್ಯಾಲ್ಸಿಯಂ ತೊಂದರೆ ನಿಮ್ಮಲ್ಲಿ ಎಷ್ಟು ಜನಕ್ಕೆ ಆಗಿದೆ? ಮೊದಲ ರಾತ್ರಿ ಕತ್ತು ಊದಿದರೆ ಮಂಚದ ಬಳಿ ಯಾರಿರುತ್ತಾರೆ? ಇವಕ್ಕೆ ನೇರ ಉತ್ತರ ಸಿಕ್ಕ ಮೇಲೆ ಗೆರೆಯ ಉದ್ದವನ್ನೂ ಧಾರಾಳವಾಗಿ ಕೇಳಬಹುದು. ಹೆಚ್ಚಿನವರಲ್ಲಿ ಅದು ಒಂದೆರಡು ವರ್ಷದಲ್ಲಿ ಕತ್ತಿನ ಮಡಿಕೆಗಳಲ್ಲಿ ಇನ್ನೊಂದು ಮಡಿಕೆಯಾಗಿ ಸೇರಿಹೋಗಿರುತ್ತದೆ.